ಮಿಲ್ಕ್‌ಶೇಕ್, ವೆನಿಲ್ಲಾ

ತಣ್ಣನೆಯ ಹಾಲಿಗೆ ವೆನಿಲ್ಲಾ ಐಸ್‌ಕ್ರೀಮ್ ಹಾಕಿ ಯಂತ್ರದಲ್ಲಿ ಕಡೆದು ಮಾಡುವ ಗಟ್ಟಿ ಪಾನೀಯ. ಅಮೆರಿಕದ ಸೋಡಾ ಅಂಗಡಿಗಳಲ್ಲಿ ರೂಪುಗೊಂಡು, 20ನೇ ಶತಮಾನದ ನಡುಭಾಗದಲ್ಲಿ ಅಡುಗೆಮನೆಗೆ ಇಳಿದು ಬಂದಿತು. ಇದರ ಹುಟ್ಟಿಗೆ ಜನಪ್ರಿಯ ಬರಹಗಳು ಎರಡು ಇಸವಿಗಳನ್ನು ಕೊಡುತ್ತವೆ: 1885 ಮತ್ತು 1922. ಎರಡಕ್ಕೂ ಆಧಾರವಿದೆ. ಆದರೆ ಅವು ಎರಡು ಬೇರೆ ಪಾನೀಯಗಳ ಇಸವಿಗಳು, ಅವುಗಳಲ್ಲಿ ಯಾವುದೂ ಇಂದಿನ ವೆನಿಲ್ಲಾ ಮಿಲ್ಕ್‌ಶೇಕ್ ಅಲ್ಲ.

1885ರ ಹೊತ್ತಿಗೆ ‘ಮಿಲ್ಕ್‌ಶೇಕ್’ ಎಂಬ ಹೆಸರು ಅಚ್ಚಿನಲ್ಲಿ ಕಾಣಿಸಿದಾಗ ಅದು ಹಾಲು, ಮೊಟ್ಟೆ, ವಿಸ್ಕಿ ಬೆರೆಸಿದ ಪುಷ್ಟಿಕರ ಪೇಯವನ್ನು ಸೂಚಿಸುತ್ತಿತ್ತು. ಈ ಒಂದು ಉಲ್ಲೇಖವನ್ನೇ ಒಬ್ಬರಿಂದೊಬ್ಬರು ಎತ್ತಿಕೊಂಡು ಬರೆದಿದ್ದರಿಂದ, ಅಂದಿನ ಮಿಲ್ಕ್‌ಶೇಕ್ ಎಂದರೆ ಮದ್ಯವೇ ಎಂಬ ಭಾವನೆ ಬೇರೂರಿದೆ. ಅದೇ ದಶಕದಲ್ಲಿ ಮದ್ಯದ ಸೋಂಕಿಲ್ಲದ ಇನ್ನೊಂದು ಮಿಲ್ಕ್‌ಶೇಕ್ ಕೂಡ ಮಾರಾಟವಾಗುತ್ತಿತ್ತು: ಹಾಲು, ಸಿಹಿ ಸಿರಪ್, ಪುಡಿ ಮಾಡಿದ ಐಸು. ಲೋಟವನ್ನು ಕಬ್ಬಿಣದ ಚೌಕಟ್ಟಿಗೆ ಸಿಕ್ಕಿಸಿ ಹಿಡಿಕೆ ತಿರುಗಿಸಿದರೆ ಅದು ಮೇಲೆ ಕೆಳಗೆ ಜೋರಾಗಿ ಕುಲುಕಾಡಿ ನೊರೆಯೇಳುತ್ತಿತ್ತು. 1900ರ ಸುಮಾರಿಗೆ ಚಾಕೊಲೇಟ್, ಸ್ಟ್ರಾಬೆರಿ, ವೆನಿಲ್ಲಾ ಸಿರಪ್ಪುಗಳ ಈ ಬಗೆಯೇ ‘ಆರೋಗ್ಯಕರ’ ಎನಿಸಿಕೊಂಡು ಮೇಲುಗೈ ಪಡೆಯಿತು. ವೆನಿಲ್ಲಾ ಈ ಕಥೆಯೊಳಗೆ ಬಂದದ್ದು ಹೀಗೆ, ಸಿರಪ್ಪಿನ ರೂಪದಲ್ಲಿ. ಈ ಘಟ್ಟದ ಪಳೆಯುಳಿಕೆ ಇಂದಿಗೂ ಅಮೆರಿಕದ ಈಶಾನ್ಯದಲ್ಲಿದೆ. ಮ್ಯಾಸಚೂಸೆಟ್ಸ್‌ನ ಹಳೆಯ ರೂಢಿಯಂತೆ ಮಿಲ್ಕ್‌ಶೇಕ್ ಕೇಳಿದರೆ ಸಿರಪ್ ಹಾಕಿ ಕುಲುಕಿದ ಬರೀ ಹಾಲು ಸಿಗುತ್ತದೆ. ಐಸ್‌ಕ್ರೀಮ್ ಬೇಕಿದ್ದವರು ‘ಫ್ರ್ಯಾಪ್’ ಎನ್ನಬೇಕು, ಪಕ್ಕದ ರೋಡ್ ಐಲೆಂಡ್‌ನಲ್ಲಾದರೆ ‘ಕ್ಯಾಬಿನೆಟ್’ ಎನ್ನಬೇಕು.

ಮುಂದಿನ ತಿರುವು ನಡೆದ ಜಾಗದ ಹೆಸರನ್ನು ಸಾಮಾನ್ಯ ಓದುಗರು ಕೇಳಿರುವುದು ಕಡಿಮೆ. ಅದು ವಿಸ್ಕಾನ್ಸಿನ್ ರಾಜ್ಯದ ರಸೀನ್, ಮಿಷಿಗನ್ ಸರೋವರದ ದಂಡೆಯ ಸಣ್ಣ ಕೈಗಾರಿಕಾ ಊರು. ಇಂಗ್ಲೆಂಡಿನಿಂದ ಬಂದು ಅಲ್ಲಿ ನೆಲೆನಿಂತ ಜೇಮ್ಸ್ ಮತ್ತು ವಿಲಿಯಂ ಹಾರ್ಲಿಕ್ ಸೋದರರು ಮೊಳಕೆ ಧಾನ್ಯ ಮತ್ತು ಒಣಗಿಸಿದ ಹಾಲಿನ ಪುಡಿಗೆ 1883ರಲ್ಲಿ ಪೇಟೆಂಟ್ ಪಡೆದರು. ನಮ್ಮ ಕಿರಾಣಿ ಅಂಗಡಿಗಳ ಹಾರ್ಲಿಕ್ಸ್ ಬಾಟಲಿ ಹೊತ್ತಿರುವುದು ಇವರ ಹೆಸರನ್ನೇ. ಶಿಶುಗಳಿಗೂ ರೋಗಿಗಳಿಗೂ ಎಂದು ಮಾಡಿದ ಪುಡಿ ಸೋಡಾ ಅಂಗಡಿಗೆ ಹೊಕ್ಕು ‘ಮಾಲ್ಟೆಡ್’ ಎಂಬ ಪಾನೀಯವಾಯಿತು. ಅದೇ ಊರಿನಲ್ಲಿ ಫ್ರೆಡರಿಕ್ ಓಸಿಯಸ್ 1910ರಲ್ಲಿ ಕಟ್ಟಿದ ಹ್ಯಾಮಿಲ್ಟನ್ ಬೀಚ್ ಕಂಪನಿ ಮರುವರ್ಷವೇ ವಿದ್ಯುತ್ ಮಿಕ್ಸರನ್ನು ಮಾರುಕಟ್ಟೆಗೆ ಬಿಟ್ಟಿತು. ಮೇಲಿನಿಂದ ಇಳಿಬಿದ್ದ ಸಪೂರ ಕಡ್ಡಿ, ಅದರ ತುದಿಯಲ್ಲಿ ಗುಂಡಿಯಷ್ಟು ಅಗಲದ ಬಿಲ್ಲೆ, ಕೆಳಗೆ ಎತ್ತರದ ಲೋಹದ ಲೋಟ. ಕಂಪನಿಗೆ ಓಸಿಯಸ್ ಇಟ್ಟದ್ದು ತನ್ನ ಹೆಸರನ್ನಲ್ಲ, ಜೊತೆಯಲ್ಲಿ ದುಡಿದ ಲೂಯಿ ಹ್ಯಾಮಿಲ್ಟನ್ ಮತ್ತು ಚೆಸ್ಟರ್ ಬೀಚ್ ಅವರ ಹೆಸರುಗಳನ್ನು. ಹಾಗಾಗಿ ಎಷ್ಟೋ ಬರಹಗಳಲ್ಲಿ ಆತ ಮರೆಗೆ ಸರಿದಿದ್ದಾನೆ. ಮಿಲ್ಕ್‌ಶೇಕಿನ ಸ್ವರೂಪ ನಿಜವಾಗಿ ಬದಲಾದದ್ದು ಈ ಯಂತ್ರದಿಂದ ಎನ್ನಬೇಕು. ಕುಲುಕುವ ಚೌಕಟ್ಟು ಐಸ್‌ಕ್ರೀಮನ್ನು ಒಡೆಯಲಾರದು. ತಿರುಗುವ ಬಿಲ್ಲೆ ಅದನ್ನು ಒಡೆದು, ಗಾಳಿ ತುಂಬಿ, ಹಾಲಿನೊಡನೆ ಒಂದಾಗಿಸುತ್ತದೆ.

ಇನ್ನು 1922. ಶಿಕಾಗೋದ ವಾಲ್‌ಗ್ರೀನ್ಸ್ ಔಷಧಿ ಅಂಗಡಿಯ ಐವರ್ ‘ಪಾಪ್’ ಕೌಲ್ಸನ್ ಆ ವರ್ಷ ಮಾಲ್ಟೆಡ್ ಹಾಲಿಗೆ ಎರಡು ಸ್ಕೂಪ್ ವೆನಿಲ್ಲಾ ಐಸ್‌ಕ್ರೀಮ್ ಹಾಕಿದನೆಂದೂ ಮಿಲ್ಕ್‌ಶೇಕ್ ಅಲ್ಲಿಂದಲೇ ಶುರುವಾಯಿತೆಂದೂ ಹೇಳುವುದುಂಟು. ಈ ಕಥೆಯನ್ನು ಮುಖ್ಯವಾಗಿ ಹೇಳುತ್ತ ಬಂದಿರುವುದು ಸ್ವತಃ ಆ ಕಂಪನಿ. ಕೌಲ್ಸನ್ ಬೆರೆಸಿದ್ದು ಚಾಕೊಲೇಟ್ ಸಿರಪ್ ಮತ್ತು ಮಾಲ್ಟ್ ಪುಡಿಯಿದ್ದ ಪಾನೀಯಕ್ಕೆ; ವೆನಿಲ್ಲಾ ಅದರಲ್ಲಿ ಬರೀ ಜೊತೆಗಾರ. ಹಾಲಿನ ಪಾನೀಯಕ್ಕೆ ಐಸ್‌ಕ್ರೀಮ್ ಹಾಕಿಸಿಕೊಳ್ಳುವ ರೂಢಿ ಶತಮಾನದ ಮೊದಲ ವರ್ಷಗಳಲ್ಲೇ ಇತ್ತು. ಆದ್ದರಿಂದ ಕೌಲ್ಸನ್‌ನನ್ನು ಹುಟ್ಟುಹಾಕಿದವನು ಎನ್ನುವ ಬದಲು ಹಬ್ಬಿಸಿದವನು ಎನ್ನುವುದು ಸರಿ. ಕಾಲವೂ ಅದಕ್ಕೆ ಕೂಡಿಬಂದಿತ್ತು: 1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿಷೇಧ. ಬಾರುಗಳು ಬಾಗಿಲು ಹಾಕಿದಾಗ ಜನ ಕೂಡುವ ಜಾಗವಾಗಿ ಉಳಿದವುಗಳಲ್ಲಿ ಸೋಡಾ ಅಂಗಡಿಯೂ ಒಂದು.

ಅದೇ 1922ರಲ್ಲಿ, ಮತ್ತೆ ರಸೀನ್‌ನಲ್ಲೇ, ಪೋಲೆಂಡ್ ಮೂಲದ ಸ್ಟೀಫನ್ ಪೊಪ್ಲಾವ್ಸ್ಕಿ ಪಾತ್ರೆಯ ತಳದಲ್ಲಿ ಅಲಗು ತಿರುಗುವ ಯಂತ್ರವನ್ನು ರೂಪಿಸಿದ. ಉದ್ದೇಶ ಮಾಲ್ಟೆಡ್ ಹಾಲು ಬೆರೆಸುವುದು. ಇಂದಿನ ಬ್ಲೆಂಡರಿನ ಮೂಲ ಇದು. ಬ್ಲೆಂಡರನ್ನು ಕಂಡುಹಿಡಿದವನು ವಾದ್ಯವೃಂದದ ನಾಯಕ ಫ್ರೆಡ್ ವೇರಿಂಗ್ ಎಂದು ಅಲ್ಲಲ್ಲಿ ಓದಲು ಸಿಗುತ್ತದೆ. ವೇರಿಂಗ್ ಹಣ ಹಾಕಿದವನು. ಪೊಪ್ಲಾವ್ಸ್ಕಿಯ ವಿನ್ಯಾಸವನ್ನು ಸುಧಾರಿಸಿ ವೇರಿಂಗ್ ಬಳಿಗೆ ಒಯ್ದವನು ಹಿಂದೆ ಹೇಳಿದ ಓಸಿಯಸ್. ಆ ಯಂತ್ರ 1937ರಲ್ಲಿ ಮಾರಾಟಕ್ಕೆ ಬಂತು, ವೇರಿಂಗ್ ಹೆಸರನ್ನು ಪಡೆದದ್ದು ಆಮೇಲೆ.

ಉಳಿದದ್ದು ಹೆಚ್ಚಿನವರಿಗೆ ಗೊತ್ತಿರುವ ಸಂಗತಿ. ಐದು ಕಡ್ಡಿಯ ಮಲ್ಟಿಮಿಕ್ಸರ್ ಮಾರುತ್ತಿದ್ದ ರೇ ಕ್ರಾಕ್, ಎಂಟು ಯಂತ್ರ ಕೊಂಡ ಮೆಕ್‌ಡೊನಾಲ್ಡ್ ಸೋದರರ ಅಂಗಡಿಯನ್ನು 1954ರಲ್ಲಿ ನೋಡಲು ಹೋದ. ಮರುವರ್ಷ ಅದೇ ಹೆಸರಿನಲ್ಲಿ ತನ್ನ ಮೊದಲ ಅಂಗಡಿ ತೆರೆದ. ಮನೆಯ ಮಿಲ್ಕ್‌ಶೇಕಿಗೆ ಇದಕ್ಕಿಂತ ಮುಖ್ಯವಾದದ್ದು ಎರಡನೆಯ ಮಹಾಯುದ್ಧದ ನಂತರ ಫ್ರೀಜರ್ ಇರುವ ಫ್ರಿಜ್ಜು ಸಾಮಾನ್ಯ ಮನೆಗಳಿಗೆ ಬಂದದ್ದು. ಅಂಗಡಿಯಿಂದ ತಂದ ಐಸ್‌ಕ್ರೀಮ್ ಡಬ್ಬಿ ಅಲ್ಲಿಯವರೆಗೆ ಮನೆಯಲ್ಲಿ ಉಳಿಯುವಂತಿರಲಿಲ್ಲ.

ವೆನಿಲ್ಲಾದ ಚರಿತ್ರೆ ಬೇರೆಯೇ ದಾರಿಯದು. ತನ್ನ ತವರಾದ ಮೆಕ್ಸಿಕೋದ ಸೀಮೆ ಬಿಟ್ಟರೆ ಬೇರೆಡೆ ತಾನಾಗಿ ಕಾಯಿ ಕಟ್ಟದ ಈ ಆರ್ಕಿಡ್ ಬಳ್ಳಿಗೆ ಕೈಯಿಂದ ಪರಾಗಸ್ಪರ್ಶ ಮಾಡುವ ಸುಲಭ ವಿಧಾನವನ್ನು 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ತೋರಿಸಿದವನು ಎಡ್ಮಂಡ್ ಆಲ್ಬಿಯಸ್, 12 ವರ್ಷದ ಗುಲಾಮ ಹುಡುಗ. ಮಲೆನಾಡು, ಕರಾವಳಿಯ ಬೆಳೆಗಾರರಿಗೆ ಆ ಕೈಚಳಕದ ಪರಿಚಯವುಂಟು: ಹೂವು ಅರಳಿದ ಬೆಳಿಗ್ಗೆಯೇ ಮೊನಚು ಕಡ್ಡಿಯಿಂದ ಒಳಗಿನ ತೆಳು ಪೊರೆಯನ್ನೆತ್ತಿ ಹೆಬ್ಬೆರಳಿನಿಂದ ಒತ್ತಬೇಕು, ಮಧ್ಯಾಹ್ನ ಕಳೆದರೆ ಹೂ ಬಾಡುತ್ತದೆ. 2000ದಲ್ಲಿ ಮಡಗಾಸ್ಕರಿಗೆ ಚಂಡಮಾರುತ ಬಡಿದು ಬೆಲೆ ಗಗನಕ್ಕೇರಿದಾಗ ಇಲ್ಲಿನ ಅಡಿಕೆ ತೋಟಗಳಲ್ಲಿ ಬಳ್ಳಿ ಹಬ್ಬಿಸಿ, ಕೆಲವೇ ವರ್ಷಗಳಲ್ಲಿ ಬೆಲೆ ಕುಸಿದು ಕೈಸುಟ್ಟುಕೊಂಡವರು ಬಹಳ. ಅಗ್ಗದ ಐಸ್‌ಕ್ರೀಮಿನ ಪರಿಮಳಕ್ಕೂ ಈ ಬಳ್ಳಿಗೂ ಸಂಬಂಧವೇ ಇಲ್ಲದಿರುವುದುಂಟು. ಜರ್ಮನಿಯ ಟೀಮನ್ ಮತ್ತು ಹಾರ್ಮನ್ 1874ರಲ್ಲೇ ವೆನಿಲಿನ್ ಅನ್ನು ಪ್ರಯೋಗಾಲಯದಲ್ಲಿ ತಯಾರಿಸಿದ್ದರು.

ಮನೆಯ ತಯಾರಿಕೆಯಲ್ಲಿ ರೂಢಿಗೆ ಬಂದ ಅಳತೆ ಸರಳ: ಒಂದು ದೊಡ್ಡ ಲೋಟಕ್ಕೆ ಸುಮಾರು 200 ಗ್ರಾಂ ಐಸ್‌ಕ್ರೀಮ್, 100 ಮಿಲಿಲೀಟರಿನಷ್ಟು ತಣ್ಣನೆಯ ಹಾಲು, ಬೇಕಿದ್ದರೆ ಕಾಲು ಚಮಚ ವೆನಿಲ್ಲಾ ಸಾರ. ಕಾಯಿಸಿದ ಹಾಲಾದರೆ ಕೆನೆ ಸೋಸಿರಬೇಕು, ಇಲ್ಲವಾದರೆ ಸ್ಟ್ರಾಗೆ ಅದರ ಚೂರು ಸಿಕ್ಕಿಕೊಳ್ಳುತ್ತದೆ. ಅಲಗು ತಳದಲ್ಲಿರುವ ಮಿಕ್ಸಿ ಜಾರಿಗೆ ಮೊದಲು ಹಾಲು, ಆಮೇಲೆ ಐಸ್‌ಕ್ರೀಮ್. ಬಿಟ್ಟು ಬಿಟ್ಟು ತಿರುಗಿಸಬೇಕು. ಒಂದೇ ಸಮನೆ ಓಡಿಸಿದರೆ ಅಲಗಿನ ಬಿಸಿಗೆ ಶೇಕ್ ನೀರಾಗುತ್ತದೆ. ಐಸ್‌ಕ್ರೀಮನ್ನು ಸ್ಕೂಪಿನ ಲೆಕ್ಕದಲ್ಲಿ ಹಾಕುವುದಕ್ಕಿಂತ ತೂಗಿ ಹಾಕುವುದೇ ಲೇಸು. ಭಾರತದ ಆಹಾರ ನಿಯಮದಂತೆ ಒಂದು ಲೀಟರ್ ಐಸ್‌ಕ್ರೀಮ್ ಕನಿಷ್ಠ 525 ಗ್ರಾಂ ತೂಗಿದರೆ ಸಾಕು. ಅಂಥ ಡಬ್ಬಿಯಲ್ಲಿ ಅರ್ಧದಷ್ಟು ಗಾಳಿ. ‘ಫ್ರೋಜನ್ ಡೆಸರ್ಟ್’ ಎಂದು ಬರೆದ ಡಬ್ಬಿಯಲ್ಲಿ ಹಾಲಿನ ಕೊಬ್ಬಿನ ಜಾಗವನ್ನು ಸಸ್ಯಜನ್ಯ ಕೊಬ್ಬು ಆಕ್ರಮಿಸಿರುತ್ತದೆ.