ಕಿಲಾರಿಯ ನಡಿಗೆ

ವಿಜಯಪುರದ ಪಶ್ಚಿಮದ ಕೋಟೆಗೋಡೆಯ ಬುರುಜಿನ ಮೇಲೆ ಮಲಗಿರುವ ಮಲಿಕ್-ಎ-ಮೈದಾನ್ ತೋಪನ್ನು ನೋಡಲು ಬರುವ ಯಾತ್ರಿಕರು ಅದರ ಸಿಂಹಮುಖವನ್ನು ತಡವಿ, ಬಿಸಿಲಿನಲ್ಲಿಯೂ ತಣ್ಣಗಿರುವ ಅದರ ಲೋಹವನ್ನು ಮುಟ್ಟಿ ವಿಸ್ಮಯಪಡುವರಾದರೂ, ಇಷ್ಟು ಭಾರವನ್ನು ಇಲ್ಲಿಯವರೆಗೆ ಎಳೆದು ತಂದವರಾರೆಂದು ವಿಚಾರಿಸುವವರು ವಿರಳ. ೧೫೪೯ರಲ್ಲಿ ಅಹಮದನಗರದಲ್ಲಿ ಎರಕಗೊಂಡು, ಪರಾಂಡೆಯ ಕೋಟೆಯಲ್ಲಿ ಬಹುಕಾಲ ನಿಂತು, ೧೬೩೨ರಲ್ಲಿ ಮಹಮ್ಮದ್ ಆದಿಲಶಾಹನ ಆಳ್ವಿಕೆಯಲ್ಲಿ ಈ ನಗರಕ್ಕೆ ಬಂದ, ಸುಮಾರು ೫೫ ಟನ್ನು ತೂಗುವ ಆ ತೋಪನ್ನು ಹತ್ತು ಆನೆಗಳೂ ನಾನೂರು ಎತ್ತುಗಳೂ ನೂರಾರು ಆಳುಗಳೂ ಎಳೆದರೆಂಬುದು ಐತಿಹ್ಯ. ಎರಕ ಹೊಯ್ದ ಮಹಮ್ಮದ್ ಬಿನ್ ಹಸನ್ ರೂಮಿಯ ಹೆಸರು ಲೋಹದ ಮೇಲೆಯೇ ಇದೆ; ನಾನೂರು ಎತ್ತುಗಳು ಯಾವ ತಳಿಯವೆಂಬುದನ್ನು ಮಾತ್ರ ಯಾವ ಬಖೈರಕಾರನೂ ಬರೆಯಲಿಲ್ಲ. ಈ ಪ್ರಶ್ನೆಯನ್ನು ಟಿಕೋಟದ ಅಥವಾ ಬಬಲೇಶ್ವರದ ಕಟ್ಟೆಯ ಮೇಲೆ ಕುಳಿತ ಹಿರಿಯರ ಮುಂದಿಟ್ಟರೆ ಅವರು ಕ್ಷಣಕಾಲವೂ ಯೋಚಿಸದೆ "ಕಿಲಾರಿ ಇದ್ದಾವ, ಮತ್ತ್ಯಾವ ಇರತಾವ್ರೀ" ಎಂದು ಉತ್ತರ ಕೊಡುವರು. ಇತಿಹಾಸಕಾರನಿಗೆ ಆ ಉತ್ತರದಿಂದ ಪ್ರಯೋಜನವಿಲ್ಲ. ಆದರೆ ಇಂತಹ ನಿಸ್ಸಂಶಯವಾದ ಪಕ್ಷಪಾತವು ಒಂದು ಸೀಮೆಯಲ್ಲಿ ಹೇಗೆ ಬೇರೂರಿತೆಂಬುದು ಇತಿಹಾಸದ ವಿಷಯವೇ ಆಗಿದೆ.

ಕಿಲಾರಿ ಎಂಬ ಶಬ್ದಕ್ಕೆ ಮೂಲದಲ್ಲಿ ಮಂದೆ ಕಾಯುವವನೆಂದೇ ಅರ್ಥ. ಮರಾಠಿಯಲ್ಲಿ ಖಿಲ್ಲಾರವೆಂದರೆ ದನಗಳ ಹಿಂಡು. ಕಾಯುವವನ ಹೆಸರು ಕಾಯಿಸಿಕೊಂಡ ಪಶುವಿಗೆ ಅಂಟಿ, ಕಾಲಕ್ರಮದಲ್ಲಿ ಮನುಷ್ಯನು ಮರೆಯಾಗಿ ಎತ್ತೊಂದೇ ಉಳಿಯಿತು. ಸಾತಾರಾ, ಸಾಂಗಲಿ, ಸೊಲ್ಲಾಪುರಗಳ ನಡುವಣ ಮಾಣದೇಶವೆಂಬ ಮಳೆಯಿಲ್ಲದ ನಾಡು, ಅದರಲ್ಲಿಯೂ ಹಿಂದಿನ ಔಂಧ ಸಂಸ್ಥಾನಕ್ಕೆ ಸೇರಿದ್ದ ಆಟಪಾಡಿ ಮಹಾಲು ಮತ್ತು ಮ್ಹಸವಡದ ಸುತ್ತಿನ ಕಲ್ಲುಗಾಡು, ಇದರ ತವರೆಂದು ಪ್ರಸಿದ್ಧವಾಗಿದೆ. ಅಲ್ಲಿಂದ ಜತ್ತದ ದಾರಿ ಹಿಡಿದು ಇಳಿದರೆ ಎದುರಾಗುವುದೇ ನಮ್ಮ ಡೋಣಿ ನದಿಯ ಸೀಮೆ. ಆದರೆ ತವರಿಗೂ ಒಂದು ತವರುಂಟು. ಹಿಂದಕ್ಕೆ ಬಾಗಿ ಮೇಲೇರುವ ನೀಳವಾದ ಕೋಡು, ಕಿರಿದಾದ ಮುಖ, ನಡುವೆ ಗೆರೆಯಂತೆ ತಗ್ಗಿದ ಹಣೆ, ಮೈಗೆ ಬಿಗಿಯಾಗಿ ಹತ್ತಿದ ಚರ್ಮ, ಇವೆಲ್ಲವನ್ನೂ ನೋಡಿ ಕಿಲಾರಿಯು ಮೈಸೂರು ಸೀಮೆಯ ಹಳ್ಳಿಕಾರ ಮತ್ತು ಅಮೃತಮಹಲ್ ವಂಶದಿಂದ ಕವಲೊಡೆದದ್ದೆಂದು ಪಶುತಜ್ಞರು ಬಹುಮಟ್ಟಿಗೆ ಒಪ್ಪಿದ್ದಾರೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯೆನಿಸಿ, ಟೀಪುವಿನಿಂದ ಅಮೃತಮಹಲ್ ಎಂಬ ಹೆಸರು ಪಡೆದು, ಅವನ ಪತನಾನಂತರ ಇಂಗ್ಲಿಷರ ವಶವಾದ ಆ ಮಂದೆಯ ಎತ್ತುಗಳೇ ೧೮೦೩ರಲ್ಲಿ ಆರ್ಥರ್ ವೆಲ್ಲೆಸ್ಲಿಯ ಸೈನ್ಯಕ್ಕೆ ದಖ್ಖನ್ನಿನಲ್ಲಿ ತೋಪನ್ನೂ ಧಾನ್ಯವನ್ನೂ ಎಳೆದದ್ದು. ಮುಂದೆ ಸ್ಪೇನಿನಲ್ಲಿ ಫ್ರೆಂಚರೊಡನೆ ಕಾದುತ್ತಿದ್ದಾಗ ಆ ಎತ್ತುಗಳು ತನ್ನಲ್ಲಿಲ್ಲವಲ್ಲಾ ಎಂದು ಆ ಸೇನಾನಿಯು ಹಲುಬಿದನಂತೆ. ಅಂದಮೇಲೆ ನಮ್ಮವರು ಹೆಮ್ಮೆ ಪಡುವುದರಲ್ಲಿ ಅತಿಶಯವೇನಿದೆ?

ಕಿಲಾರಿಗೆ ಪ್ರತಿಸ್ಪರ್ಧಿಯೇ ಇರಲಿಲ್ಲವೆಂದು ಭಾವಿಸಬಾರದು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ದಕ್ಷಿಣ ಮಹಾರಾಷ್ಟ್ರ ಪ್ರಾಂತದ ಸಂಸ್ಥಾನಿಕರು, ವಿಶೇಷವಾಗಿ ಸಾಂಗಲಿಯ ಪಟವರ್ಧನರು, ಕೃಷ್ಣಾ ತೀರದ ಅಂಟುಮಣ್ಣಿನ ಎರೆಭೂಮಿಗೆ ತಕ್ಕ ಬಲಿಷ್ಠವಾದ ಎತ್ತೊಂದನ್ನು ನಿರ್ಮಿಸಬೇಕೆಂದು ಸಂಕಲ್ಪಿಸಿ, ಗುಜರಾತದ ಗೀರ್ ಮತ್ತು ಕಾಂಕ್ರೇಜ್, ಆಂಧ್ರದ ಒಂಗೋಲು, ಸ್ಥಳೀಯವಾದ ಮೈಸೂರು ಮಾದರಿಯ ದನ, ಇವುಗಳ ರಕ್ತವನ್ನು ಬೆರೆಸಿ ಕೃಷ್ಣಾ ಕಣಿವೆ ಎಂಬ ತಳಿಯನ್ನು ರೂಪಿಸಿದರು. ವಿಶಾಲವಾದ ಎದೆ, ಗಿಡ್ಡ ಕೋಡು, ಜೋಲುವ ಗಂಗೆದೊಗಲು, ನೆಲವನ್ನೇ ಒತ್ತಿ ನಡೆಯುವ ಭಾರದ ಹೆಜ್ಜೆ ಅದರ ಲಕ್ಷಣ. ಅಲ್ಲದೆ ಅದರ ಆಕಳು ಕಿಲಾರಿಯ ಆಕಳಿಗಿಂತ ಹೆಚ್ಚು ಹಾಲು ಕೊಡುವುದು, ಸ್ವಭಾವವೂ ಸೌಮ್ಯ. ಸಮುದ್ರ ದಾಟಿ ಬ್ರೆಜಿಲಿಗೂ ಅಮೇರಿಕೆಗೂ ಹೋದ ಈ ತಳಿಯ ರಕ್ತವು ಅಲ್ಲಿನ ಹೊಸ ತಳಿಗಳಲ್ಲಿ ಬೆರೆಯಿತು. ರಾಜಾಶ್ರಯ, ಬಲ, ಹಾಲು, ದೇಶಾಂತರಗಳ ಕೀರ್ತಿ, ಹೀಗೆ ಎಲ್ಲವೂ ಇದ್ದ ಆ ತಳಿಯು ಇಂದು ತನ್ನ ಹುಟ್ಟೂರಿನಲ್ಲಿಯೇ ಹುಡುಕಿದರೂ ಸಿಗದಷ್ಟು ವಿರಳವಾಗಿ, ಕುರುಬರ ಬೆನ್ನ ಹಿಂದೆ ಕಲ್ಲುಗಾಡಿನಿಂದ ಇಳಿದುಬಂದ ತೆಳುಮೈಯ ಕಿಲಾರಿಯು ಮನೆಮನೆಯ ಹೆಬ್ಬಾಗಿಲಿನಲ್ಲಿ ನಿಂತಿತು.

ಇದು ಕೇವಲ ರೂಪಕ್ಕೆ ಮರುಳಾದದ್ದೆಂದು ಪೇಟೆಯ ಜನ ನಗುವುದುಂಟು. ನನಗೆ ಹಾಗೆ ತೋರುವುದಿಲ್ಲ. ಎರೆಭೂಮಿಯ ಒಕ್ಕಲುತನವನ್ನು ಬಲ್ಲವರು ಮೊದಲು ಹೇಳುವ ಶಬ್ದ ಹದ. ಮಳೆ ಬಿದ್ದ ಮರುದಿನ ಈ ಮಣ್ಣಿನಲ್ಲಿ ಕಾಲಿಟ್ಟರೆ ಮೊಣಕಾಲವರೆಗೆ ಹೂಳುವುದು. ಬಿಸಿಲು ಬಿದ್ದು ವಾರ ಕಳೆದರೆ ಬಾಯಿಬಿಟ್ಟು ಕಲ್ಲಾಗುವುದು. ಇವೆರಡರ ನಡುವೆ ಕೂರಿಗೆಗೆ ಒಗ್ಗುವ ದಿನಗಳು ಕೈಬೆರಳಿನಲ್ಲಿ ಎಣಿಸುವಷ್ಟು. ಹಿಂಗಾರಿ ಬಿಳಿಜೋಳವನ್ನು ನೆಚ್ಚಿದ ಟಿಕೋಟ, ಸಾರವಾಡ, ಬಬಲೇಶ್ವರಗಳ ಸೀಮೆಯಲ್ಲಿ ಆ ಕೆಲವೇ ದಿನಗಳಲ್ಲಿ ಎಷ್ಟು ಎಕರೆ ಬಿತ್ತಿದೆವೆಂಬುದರ ಮೇಲೆ ವರ್ಷದ ರೊಟ್ಟಿ ನಿಂತಿತ್ತು. ಆಳವಾಗಿ ನೇಗಿಲು ಹೂಡುವುದು ಇಲ್ಲಿ ಪ್ರತಿವರ್ಷದ ಕೆಲಸವಲ್ಲ. ಕರಿಕೆ ಹಬ್ಬಿದ ಹೊಲಕ್ಕೆ ಹಲವು ವರ್ಷಕ್ಕೊಮ್ಮೆ ನಾಲ್ಕಾರು ಜೋಡಿ ಕಟ್ಟಿ ದೊಡ್ಡ ನೇಗಿಲು ಹೊಡೆಯುವರು, ಉಳಿದಂತೆ ಕುಂಟೆಯೇ ಒಕ್ಕಲಿಗನ ಆಯುಧ. ಮಣ್ಣಿನ ಮೇಲ್ಪದರವನ್ನು ಕೆರೆದು, ಬಿರುಕನ್ನು ಮುಚ್ಚಿ, ತೇವವನ್ನು ಒಳಗೇ ಹಿಡಿದಿಡುವ ಆ ಹಗುರವಾದ ಕೆಲಸಕ್ಕೆ ಬೇಕಾದದ್ದು ಬಿರುಸಾದ ಕಾಲು. ೧೯೩೦ರ ದಶಕದಲ್ಲಿ ವಿಜಾಪುರದ ಒಣಬೇಸಾಯದ ಸಂಶೋಧನಾ ಕೇಂದ್ರವು ತೇವರಕ್ಷಣೆಯನ್ನು ಕುರಿತು ಶಾಸ್ತ್ರೀಯವಾಗಿ ಪ್ರಯೋಗಗಳನ್ನು ಆರಂಭಿಸುವುದಕ್ಕೆ ಎಷ್ಟೋ ತಲೆಮಾರುಗಳ ಮೊದಲೇ ಕಿಲಾರಿಯ ಗೊರಸು ಆ ಶಾಸ್ತ್ರವನ್ನು ಹೊಲದಲ್ಲಿ ಬರೆಯುತ್ತಿತ್ತು. ಹೊಳೆದಂಡೆಯ ನೀರಾವರಿ ತೋಟಕ್ಕೆ ಕೃಷ್ಣಾ ಕಣಿವೆಯ ಎತ್ತು ಅರಸನಂತಿದ್ದೀತು. ಹದ ಓಡಿಹೋಗುತ್ತಿರುವ ಎರೆಹೊಲದಲ್ಲಿ ಅರಸನ ಗತ್ತಿಗೆ ಬೆಲೆ ಕಡಿಮೆ.

ಎರಡನೆಯ ಕಾರಣ ಮೇವು. ಈ ಜಿಲ್ಲೆಯ ಇತಿಹಾಸವನ್ನು ಬರಗಾಲಗಳ ಪಟ್ಟಿಯಿಂದ ಬೇರ್ಪಡಿಸಲು ಸಾಧ್ಯವಿಲ್ಲ. ಸತ್ತವರ ತಲೆಬುರುಡೆಗಳಿಂದ ಹೆಸರು ಪಡೆದ ೧೭೯೧ರ ಡೋಗಿ ಬರ, ಕಲಾದಗಿ ಜಿಲ್ಲೆಯೆನಿಸಿಕೊಂಡಿದ್ದಾಗಿನ ೧೮೭೬ರ ಮಹಾಕ್ಷಾಮ, ನಮ್ಮ ಕಾಲದವರು ಕಂಡ ೧೯೭೨ರ ಬರ, ಇವುಗಳಲ್ಲಿ ಮನುಷ್ಯನಿಗಿಂತ ಮೊದಲು ದನ ನೆಲಕ್ಕೊರಗುತ್ತಿತ್ತು. ಕಣಿಕೆಯ ಬಣವೆ ಕರಗಿದ ಮನೆಯಲ್ಲಿ ದೊಡ್ಡ ಮೈಯ ಎತ್ತು ಸಾಲದ ಹೊರೆಯಂತೆ. ಮಾಣದೇಶದ ಒಣಹುಲ್ಲಿನಲ್ಲಿ ಬೆಳೆದ ಕಿಲಾರಿಯು ಅರೆಹೊಟ್ಟೆಯಲ್ಲಿಯೂ ನಿಂತುಕೊಂಡೀತು. ಮೂರನೆಯದು ದಾರಿ. ೧೮೬೦ರಲ್ಲಿ ಸೊಲ್ಲಾಪುರಕ್ಕೆ ಉಗಿಬಂಡಿ ಬಂದು, ೧೮೮೪ರಲ್ಲಿ ಹೋಟಗಿ-ಗದಗ ಹಳಿ ಬೀಳುವವರೆಗೆ, ಇಪ್ಪತ್ತುನಾಲ್ಕು ವರ್ಷಗಳ ಕಾಲ ಈ ಸೀಮೆಯ ಅರಳೆಗೆ ಹತ್ತಿರದ ನಿಲ್ದಾಣವೆಂದರೆ ನೂರು ಕಿಲೋಮೀಟರು ದೂರದ ಸೊಲ್ಲಾಪುರ. ಭೀಮಾ ನದಿಯನ್ನು ದಾಟಿ, ಹೇರಿನ ಬಂಡಿಯನ್ನು ಒಯ್ದು, ಉಪ್ಪು ಎಣ್ಣೆ ಜವಳಿಗಳೊಡನೆ ಮರಳುವ ಜೋಡಿಯೊಂದಕ್ಕೆ ಗಟ್ಟಿಯಾದ ಕರಿಗೊರಸು ಇಲ್ಲದಿದ್ದರೆ ಲಾಳ ಕಟ್ಟಿಸಿಯೂ ಫಲವಿಲ್ಲ.

ಅವಶ್ಯಕತೆಯಿಂದ ಹುಟ್ಟಿದ ಆಯ್ಕೆಯು ಅಭಿರುಚಿಯಾಗಿ, ಅಭಿರುಚಿಯು ಹೌಸಿಯೆಂಬ ಮೋಹವಾಗಿ, ಹೌಸಿಯು ಮನೆತನದ ಮಾನವಾಗಿ ಪರಿಣಮಿಸಿದ್ದು ಅನಂತರದ ಸಂಗತಿ. ದುಡಿಮೆಯ ಚಕ್ಕಡಿಯ ಪಕ್ಕದಲ್ಲಿ ಕಮಾನಿನ ಸವಾರಿಬಂಡಿ ನಿಂತಿತು. ಅದಕ್ಕೆ ಪ್ರತ್ಯೇಕವಾದ ಜೋಡಿ ಬೇಕಾಯಿತು. ಬೀಗರ ಊರಿಗೆ ಹೋಗುವಾಗ, ಎಳ್ಳಮಾವಾಸ್ಯೆಯಂದು ಚರಗ ಚೆಲ್ಲಲು ಹೊಲಕ್ಕೆ ಹೊರಡುವಾಗ, ಕೋಡಿಗೆ ಕೊಡಣಸು, ಹಣೆಗೆ ಹಣೆಪಟ್ಟಿ, ಮೈಮೇಲೆ ಕನ್ನಡಿಯ ಝೂಲ, ಕೊರಳಿಗೆ ಗೆಜ್ಜೆಸರ ಹಾಕಿಸಿಕೊಂಡ ಜೋಡಿಯು ದಾರಿಯಲ್ಲಿ ಇನ್ನೊಬ್ಬನ ಬಂಡಿಯನ್ನು ಹಿಂದಿಕ್ಕಿ ಹೋದರೆ ಅದರ ವಾರ್ತೆ ಬಂಡಿಗಿಂತ ಮೊದಲು ಊರು ಸೇರುತ್ತಿತ್ತು. ಕಾರಹುಣ್ಣಿಮೆಯ ಸಂಜೆ ಅಗಸಿಯಲ್ಲಿ ಕರಿ ಹರಿಯುವಾಗ ಬಿಳಿಯ ಎತ್ತು ಮುಂದಾದರೆ ಹಿಂಗಾರಿ ಹುಲುಸು, ಕೆಂಪು ಮುಂದಾದರೆ ಮುಂಗಾರಿ ಹುಲುಸು ಎಂದು ನಂಬುವ ನಾಡಿನಲ್ಲಿ, ಬಿಳಿಯ ಮೈಯ ಕಿಲಾರಿಯು ಬೆಳೆಯ ಭವಿಷ್ಯವನ್ನೂ ತನ್ನ ಕಾಲಲ್ಲಿ ಇಟ್ಟುಕೊಂಡಿತೆಂದರೆ ತಪ್ಪಲ್ಲ.

ಹೌಸಿಯವರ ಕಣ್ಣೇ ಬೇರೆ. ನನ್ನ ಬಾಲ್ಯದಲ್ಲಿ ಅಜ್ಜನೊಡನೆ ಬಬಲೇಶ್ವರದ ಕಡೆಯಿಂದ ವಿಜಾಪುರದ ಸಿದ್ಧೇಶ್ವರ ಜಾತ್ರೆಗೆ ಹೋದಾಗ ಆತನು ಗುಡಿಗೆ ಕೈಮುಗಿದಷ್ಟೇ ಭಕ್ತಿಯಿಂದ ದನದ ಪೇಟೆಯನ್ನು ಪ್ರದಕ್ಷಿಣೆ ಮಾಡುತ್ತಿದ್ದನು. ಸೊನ್ನಲಿಗೆಯ ಸಿದ್ಧರಾಮನ ಹೆಸರಿನ ಈ ಜಾತ್ರೆಯು ಸಂಕ್ರಾಂತಿಯ ಕಾಲಕ್ಕೆ ನಂದಿಧ್ವಜಗಳೊಡನೆ ಆಗುವುದು. ಅದರ ಅಂಗವಾದ ಜಾನುವಾರು ಜಾತ್ರೆಯು ಈಚಿನ ವರ್ಷಗಳಲ್ಲಿ ಟಿಕೋಟದ ದಾರಿಯ ತೊರವಿಯ ಬಯಲಿನಲ್ಲಿ ಸೇರುತ್ತದೆ. ಕುಮಾರ ವಾಲ್ಮೀಕಿಯ ರಾಮಾಯಣಕ್ಕೆ ಹೆಸರು ಕೊಟ್ಟ ನರಸಿಂಹನ ಊರು ಅದು; ಇಬ್ರಾಹಿಂ ಆದಿಲಶಾಹನು ೧೫೯೯ರಲ್ಲಿ ನವರಸಪುರವನ್ನು ಕಟ್ಟಿಸತೊಡಗಿದ್ದೂ ಅದರ ಮಗ್ಗುಲಲ್ಲಿ. ಜಾತ್ರೆಯ ದನದ ಪೇಟೆಯಲ್ಲಿ ಮಾತಿಗಿಂತ ಕೈ ಹೆಚ್ಚು ಆಡುವುದು. ದಲ್ಲಾಳಿಯು ಟವೆಲಿನ ಮರೆಯಲ್ಲಿ ಕೊಳ್ಳುವವನ ಬೆರಳು ಹಿಡಿದು ಬೆಲೆ ಹೇಳುವನು, ಬೆರಳಿನಿಂದಲೇ ಉತ್ತರ ಬರುವುದು, ಪಕ್ಕದಲ್ಲಿ ನಿಂತವನಿಗೆ ಸುಳಿವೂ ಹತ್ತದು. ಬಾಯಿ ಬಿಡಿಸಿ ಹಲ್ಲು ನೋಡುವರು: ಹಾಲುಹಲ್ಲೋ, ಎರಡು ಹಲ್ಲೋ, ಬಾಯಿಗೂಡಿದ್ದೋ. ಸುಳಿ ನೋಡುವರು. ಕೋಡು ಬುಡದಲ್ಲಿ ಹತ್ತಿರವಿದ್ದು ಸಮನಾಗಿ ಹಿಂದಕ್ಕೆ ಹೋಗಿದೆಯೋ, ಬೆನ್ನು ಹಲಗೆಯಂತಿದೆಯೋ, ಬಾಲದ ಕುಚ್ಚು ಕಪ್ಪೋ ಎಂದು ನೋಡುವರು. ಎಲ್ಲವೂ ಮುಗಿದಮೇಲೆ ಹತ್ತು ಹೆಜ್ಜೆ ನಡೆಸಿ ನೋಡುವರು. ಬೆಲೆ ಗೊತ್ತಾಗುವುದು ಅಲ್ಲಿಯೇ. ಅಪರಿಚಿತನು ಹಿಂದೆ ಬಂದರೆ ಒದೆಯುವ, ಯಜಮಾನನ ಕೆಮ್ಮಿಗೆ ಕಿವಿ ತಿರುಗಿಸುವ ಮುಂಗೋಪಿ ಎತ್ತೇ ಹೆಚ್ಚು ಬೆಲೆ ಪಡೆಯುವುದು ಹೊರಗಿನವರಿಗೆ ಅರ್ಥವಾಗದ ರಹಸ್ಯ. "ಮಗಾ, ಸಪ್ಪನ ಎತ್ತ ಹೊಲಕ್ಕ, ಖಾರದ ಎತ್ತ ಹೆಸರಿಗೆ" ಎಂದು ನನ್ನಜ್ಜ ಹೇಳುತ್ತಿದ್ದನು.

ಇಂತಹ ಹಠವು ನಮ್ಮ ಸೀಮೆಗೇ ಮೀಸಲಾದುದಲ್ಲ. ಇಟಲಿ ದೇಶದಲ್ಲಿ ಕೋಟಿಗಟ್ಟಲೆ ಬೆಲೆಯ ಓಟದ ಕಾರುಗಳನ್ನು ಪ್ರೀತಿಸುವವರಲ್ಲಿ ಎರಡು ಪಂಥಗಳುಂಟು: ಮುಂಗಾಲೆತ್ತಿ ನಿಂತ ಕುದುರೆಯ ಲಾಂಛನದ ಫೆರಾರಿಯದು ಒಂದು, ನುಗ್ಗುವ ಗೂಳಿಯ ಲಾಂಛನದ ಲಾಂಬೋರ್ಗಿನಿಯದು ಇನ್ನೊಂದು. ಎರಡನೆಯದನ್ನು ೧೯೬೩ರಲ್ಲಿ ಸ್ಥಾಪಿಸಿದ ಫೆರುಚ್ಚೊ ಲಾಂಬೋರ್ಗಿನಿಯು ಒಕ್ಕಲಿಗರ ಮಗ. ಕಾರಿಗೆ ಮೊದಲು ಟ್ರ್ಯಾಕ್ಟರು ಮಾಡಿ ಹಣ ಗಳಿಸಿದವನು. ೧೯೬೬ರಲ್ಲಿ ಹೊರಬಂದ ಅವನ ಮಿಯುರಾ ಕಾರಿಗೆ ಸ್ಪೇನಿನಲ್ಲಿ ಕಾಳಗದ ಗೂಳಿಗಳನ್ನು ಸಾಕುವ ಮನೆತನವೊಂದರ ಹೆಸರು. ಎತ್ತನ್ನು ಹೊಲದಿಂದ ಹೊರಗಟ್ಟುವ ಯಂತ್ರದಿಂದ ಧನಿಕನಾದವನೇ ತನ್ನ ವೈಭವಕ್ಕೆ ಗೂಳಿಯ ಮುದ್ರೆ ಒತ್ತಿದನೆಂಬುದನ್ನು ಟಿಕೋಟದ ಹೌಸಿಯವರಿಗೆ ಹೇಳಿದರೆ ಅವರು ಆಶ್ಚರ್ಯಪಡಲಾರರು. ಅವರ ಮನೆಗಳಲ್ಲಿಯೂ ಈಗ ಹಿತ್ತಲಲ್ಲಿ ಟ್ರ್ಯಾಕ್ಟರು, ಬಾಗಿಲಲ್ಲಿ ಕಿಲಾರಿ.

ಕಿಲಾರಿಯನ್ನು ಬೆಳೆಸಿದ ಮೂರು ಕಾರಣಗಳೂ ಇಂದು ಇಲ್ಲವಾಗಿವೆ. ಹದವನ್ನು ಟ್ರ್ಯಾಕ್ಟರು ಒಂದೇ ಹಗಲಿನಲ್ಲಿ ಹಿಡಿಯುವುದು. ಅರಳೆಯ ದಾರಿಯಲ್ಲಿ ಲಾರಿಗಳು ಓಡುತ್ತವೆ. ಆಲಮಟ್ಟಿಯ ಅಣೆಕಟ್ಟಿಗೆ ೧೯೬೪ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಅಡಿಗಲ್ಲಿಟ್ಟ ಮೇಲೆ, ದಶಕಗಳು ಕಳೆದು, ಕೃಷ್ಣೆಯ ನೀರು ಏತ ನೀರಾವರಿಯ ಕಾಲುವೆಗಳಲ್ಲಿ ಬಬಲೇಶ್ವರದ ಬಯಲಿಗೂ ಏರಿತು. ಜೋಳದ ಹೊಲ ಕಬ್ಬಿನ ಗದ್ದೆಯಾಯಿತು, ಟಿಕೋಟದ ಮಡ್ಡಿಯಲ್ಲಿ ದ್ರಾಕ್ಷಿಯ ಚಪ್ಪರ ಎದ್ದಿತು. ಉಪಯೋಗ ತೀರಿದಮೇಲೆ ಕೃಷ್ಣಾ ಕಣಿವೆಯ ಎತ್ತನ್ನು ಜನ ಕೈಬಿಟ್ಟರು. ಕಿಲಾರಿಯನ್ನು ಬಿಡಲಾರದೆ ಹೋದರು. ದುಡಿಮೆಗಾಗಿಯೇ ನಿರ್ಮಿತವಾದ ಪಶುವು ದುಡಿಮೆಯೊಡನೆ ಹೋಯಿತು. ಚೆಲುವಿನ ಎತ್ತಿಗೆ ಚೆಲುವೇ ಉದ್ಯೋಗವಾಯಿತು.

ಚೆಲುವಿನ ಜೊತೆಗೆ ಶರ್ಯತ್ತೂ ಉಂಟು. ಬಂಡಿ ಓಡಿಸುವ ಶರ್ಯತ್ತಿನಲ್ಲಿ ಕಿಲಾರಿಗೆ ಎದುರಿಲ್ಲ. ತೆರೆಬಂಡಿಯಲ್ಲಿಯೂ ಕಲ್ಲು ಜಗ್ಗಿಸುವುದರಲ್ಲಿಯೂ ಅದನ್ನೇ ಹೂಡುವ ಹಠ ಹೌಸಿಯವರದು. ೨೦೧೪ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂತಹ ಓಟಗಳನ್ನು ನಿಷೇಧಿಸಿತು; ೨೦೧೭ರಲ್ಲಿ ಕರ್ನಾಟಕವು ಕಂಬಳಕ್ಕೂ ಎತ್ತಿನ ಬಂಡಿಯ ಓಟಕ್ಕೂ ಅವಕಾಶವಿತ್ತು ಕಾನೂನನ್ನು ತಿದ್ದಿತು; ೨೦೨೩ರ ಮೇ ೧೮ರಂದು ಅದೇ ನ್ಯಾಯಾಲಯದ ಸಂವಿಧಾನ ಪೀಠವು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಬಾರಕೋಲಿನ ಪೆಟ್ಟನ್ನೂ ಮೊಳೆಯನ್ನೂ ನಾನು ಸಮರ್ಥಿಸಲಾರೆ. ನಿಜವಾದ ಹೌಸಿಯವನು ತನ್ನ ಎತ್ತನ್ನು ಹೊಡೆಯುವುದಿಲ್ಲವೆಂಬುದನ್ನು ಕಂಡವನಾದ್ದರಿಂದ, ಹೊಡೆಯುವವರನ್ನು ಹೌಸಿಯವರ ಲೆಕ್ಕಕ್ಕೆ ಸೇರಿಸಲೂ ಮನಸ್ಸಿಲ್ಲ.

ಕಿಲಾರಿಯ ಪಕ್ಷಪಾತವು ಹುಸಿಯೋ ನಿಜವೋ ಎಂದು ಪರೀಕ್ಷಿಸಬೇಕೆನ್ನುವವರು ಸಂಕ್ರಾಂತಿಯ ವಾರದಲ್ಲಿ ತೊರವಿಗೆ ಹೋಗಿ ನೋಡಲಿ. ಆದರೆ ಹೊತ್ತು ಹೊರಡುವ ಮೊದಲೇ ಹೋಗಬೇಕು; ಬಿಸಿಲೇರುವಷ್ಟರಲ್ಲಿ ಒಳ್ಳೆಯ ಜೋಡಿಗಳೆಲ್ಲ ಕೈಬದಲಾಗಿ ಊರ ದಾರಿ ಹಿಡಿದಿರುತ್ತವೆ.