ಸಂಡೂರಿನ ಕೆಂಧೂಳು, ಮಚ್ಚಿನ ಮೇಲಿನ ಕಲೆ

ಸಂಡೂರಿನಿಂದ ಹೊಸಪೇಟೆಗೆ ಬೈಕಿನಲ್ಲಿ ಬಂದರೆ ನಮ್ಮ ಅಂಗಿಯ ಮೇಲೆ ಅದಿರಿನ ಕೆಂಧೂಳು ಕೂತಿರುತ್ತದೆ. ಆ ಅದಿರಿನ ಹೆಸರು ಹೆಮಟೈಟ್. ಗ್ರೀಕಿನಲ್ಲಿ ‘ಹೈಮಾ’ ಎಂದರೆ ರಕ್ತ. ಒಣಗಿದ ಕಲೆಯಾದರೆ ಧೂಳು ಯಾವುದು, ತುಕ್ಕು ಯಾವುದು, ರಕ್ತ ಯಾವುದು ಎಂದು ಕಣ್ಣಿಗೆ ತಿಳಿಯುವುದಿಲ್ಲ.

1953ರ ಅಕ್ಟೋಬರ್ 1ರವರೆಗೆ ಹೊಸಪೇಟೆ, ಹಂಪಿ, ಕಂಪ್ಲಿ ಇದ್ದದ್ದು ಮದ್ರಾಸಿನ ಆಡಳಿತದಲ್ಲಿ. ಸಂಡೂರು 1949ರವರೆಗೆ ಘೋರ್ಪಡೆಯವರ ಸಂಸ್ಥಾನ. ಮದ್ರಾಸಿನಲ್ಲಿ ರಾಸಾಯನಿಕ ಪರೀಕ್ಷಕರ ಪ್ರಯೋಗಾಲಯ 1849ರಲ್ಲೇ ಶುರುವಾಗಿತ್ತು. ಕಲೆ ರಕ್ತವೇ ಎಂದು ತೋರಿಸುವ ಟೈಖ್‌ಮನ್ ಹರಳಿನ ಪರೀಕ್ಷೆ ಬಂದದ್ದು 1853ರಲ್ಲಿ. ಅದು ಮನುಷ್ಯನದೋ ಕುರಿಯದೋ ಎಂದು ಹೇಳುವ ಊಲನ್‌ಹೂತ್ ಪರೀಕ್ಷೆ 1901ರಲ್ಲಿ ಬಂತು. ಉಳಿದದ್ದು ಒಂದೇ ಪ್ರಶ್ನೆ: ಯಾವಾಗಿನದು?

1907ರಲ್ಲಿ ಇಟಲಿಯ ಟೊಮೆಲ್ಲಿನಿ 12 ಬಣ್ಣಗಳ ಪಟ್ಟಿ ಮಾಡಿದರು. ಒಂದು ವರ್ಷದೊಳಗಿನ ಕಲೆಯ ವಯಸ್ಸನ್ನು ಅದರ ಬಣ್ಣ ನೋಡಿ ಅಂದಾಜು ಮಾಡುವುದು ಅವರ ಲೆಕ್ಕ. ಮೈಯಿಂದ ಹೊರಬಂದ ರಕ್ತದ ಆಕ್ಸಿಹಿಮೋಗ್ಲೋಬಿನ್ ಮೊದಲು ಮೆಟ್‌ಹಿಮೋಗ್ಲೋಬಿನ್ ಆಗುತ್ತದೆ, ಆಮೇಲೆ ಹೆಮಿಕ್ರೋಮ್. ಕೆಂಪು ಕಂದಾಗುವುದು ಹೀಗೆ. ಆದರೆ ಬಿಸಿಲು, ತೇವ, ಬಟ್ಟೆಯ ಗುಣ ಎಲ್ಲವೂ ಈ ಓಟವನ್ನು ಬದಲಿಸುತ್ತವೆ. ಏಪ್ರಿಲ್‌ನ ಕಂಪ್ಲಿ ಬಯಲಲ್ಲಿ ಬಿದ್ದ ಕಲೆಯೂ ಹಂಪಿಯ ಮಂಟಪದ ತಂಪು ನೆರಳಲ್ಲಿ ಬಿದ್ದ ಕಲೆಯೂ ಒಂದೇ ವೇಗದಲ್ಲಿ ಮುದಿಯಾಗುವುದಿಲ್ಲ. ಈಗ ಕಲೆಯಿಂದ ಮರಳುವ ಬೆಳಕನ್ನು ಅಳೆಯುತ್ತಾರೆ, ಆರ್‌ಎನ್‌ಎ ಎಷ್ಟು ಸವೆದಿದೆ ಎಂದು ನೋಡುತ್ತಾರೆ. ಆದರೂ ಇಂತಿಷ್ಟೇ ಗಂಟೆ ಎಂದು ಹೇಳುವ ಸರ್ವಮಾನ್ಯ ವಿಧಾನ ಇನ್ನೂ ಇಲ್ಲ.

ಇದು ಬರೀ ಪ್ರಯೋಗಾಲಯದ ಮಾತಲ್ಲ. ಸತ್ತವನೂ ಆರೋಪಿಯೂ ಒಂದೇ ಮನೆಯವರು ಎಂದುಕೊಳ್ಳಿ. ‘ಹೋದ ತಿಂಗಳು ಮೇವು ಕೊಯ್ಯುವಾಗ ಅಣ್ಣ ಕೈ ಕುಯ್ದುಕೊಂಡಿದ್ದ, ಅದೇ ರಕ್ತ’ ಎಂದು ಆರೋಪಿ ಹೇಳಿದರೆ? ಡಿಎನ್‌ಎ ಯಾರದು ಎಂದು ಹೇಳುತ್ತದೆ, ಯಾವತ್ತಿನದು ಎಂದು ಹೇಳುವುದಿಲ್ಲ. ಅದು ನಿಜವಾಗಿದ್ದರೆ ಒಬ್ಬ ನಿರಪರಾಧಿಯ ಜೀವವೇ ಆ ಕಲೆಯ ವಯಸ್ಸಿಗೆ ನೇತಾಡುತ್ತದೆ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು ಎನ್ನುತ್ತದೆ. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದವರೆಗೆ ಕಾಲಾವಕಾಶವಿದೆ. ತಜ್ಞರು ಬೇಗ ಬಂದು, ಕಲೆ ಬಿಸಿಲಲ್ಲಿತ್ತೋ ನೆರಳಲ್ಲಿತ್ತೋ ಎಂದು ಬರೆದಿಟ್ಟರೆ ಅಂದಾಜಿಗಾದರೂ ಆಧಾರ ಸಿಗುತ್ತದೆ.

ನಾವೋ, ಠಾಣೆಯಿಂದ ಫೋನು ಬಂದ ಐದೇ ನಿಮಿಷಕ್ಕೆ ‘ರಕ್ತಸಿಕ್ತ ಮಚ್ಚು ವಶ’ ಎಂದು ಸುದ್ದಿ ಕಳಿಸಿಬಿಡುತ್ತೇವೆ. ವರದಿ ಬರುವವರೆಗೆ ‘ಕಲೆಯಿರುವ ಮಚ್ಚು’ ಎಂದರೆ ಸಾಕು. ಸುದ್ದಿಗೆ ನಷ್ಟವಿಲ್ಲ, ಒಬ್ಬನ ಪಾಲಿಗೆ ನ್ಯಾಯ ಉಳಿದೀತು.