ಪ್ಲೇಗಿನ ಹುಕುಂ

ಮುಂಬಯಿಯ ಮಾಂಡವಿಯಲ್ಲಿ ಡಾ. ವೀಗಸ್ ಪ್ಲೇಗನ್ನು ಗುರುತಿಸಿದ್ದು 1896ರ ಸೆಪ್ಟೆಂಬರ್‌ನಲ್ಲಿ. ಅಕ್ಟೋಬರ್ ಮೊದಲ ವಾರವೇ ಮುನಿಸಿಪಾಲಿಟಿಯ ಹುಕುಂ ಹೊರಟಿತು: ರೋಗಿಯನ್ನು ಬಲವಂತವಾಗಿಯಾದರೂ ಆಸ್ಪತ್ರೆಗೆ ಒಯ್ಯಬೇಕು. ಒಯ್ದವರು ಮರಳಿ ಬರೋದಿಲ್ಲ ಅನ್ನೋ ಭಯ ಚಾಳುಗಳಲ್ಲಿ ಹಬ್ಬಿತು. ಜನ ರೋಗಿಗಳನ್ನು ಬಚ್ಚಿಟ್ಟರು. ಲಕ್ಷಗಟ್ಟಲೆ ಮಂದಿ ಗಂಟುಮೂಟೆ ಕಟ್ಟಿ ಊರಿನ ದಾರಿ ಹಿಡಿದರು. ತಿಂಗಳ ಕೊನೆಗೆ ಸುಮಾರು ಸಾವಿರ ಗಿರಣಿ ಕಾರ್ಮಿಕರು ಆರ್ಥರ್ ರೋಡ್ ಆಸ್ಪತ್ರೆಗೆ ನುಗ್ಗಿದ ಮೇಲೆ ಹುಕುಂ ಸಡಿಲವಾಯಿತು.

1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂದು ಮತ್ತೆ ಬಿಗಿಯಾಯಿತು. ಪುಣೆಯಲ್ಲಿ ಸೈನಿಕರು ಮನೆಮನೆ ಹೊಕ್ಕು ಶೋಧಿಸಿದರು. ಜೂನ್‌ನಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್‌ಗೆ ಗುಂಡೇಟು ಬಿತ್ತು. 1898ರ ಮಾರ್ಚ್‌ನಲ್ಲಿ ಮುಂಬಯಿಯಲ್ಲೇ ಗಲಭೆಯಾಯಿತು. ಆಮೇಲೆ ಸರಕಾರ ಬಲವಂತ ಕಡಿಮೆ ಮಾಡಿ, ಆಯಾ ಸಮಾಜದವರೇ ನಡೆಸುವ ಆಸ್ಪತ್ರೆಗಳಿಗೆ ಹೆಚ್ಚು ಅವಕಾಶ ಕೊಟ್ಟಿತು.

2020ರಲ್ಲಿ ಅದೇ ಕಾಯ್ದೆ ಮತ್ತೆ ಹೊರಬಂತು. ಮಾರ್ಚ್‌ನಲ್ಲಿ ನಿಂತ ಲೋಕಲ್ ಗಾಡಿ, ನಡುವೆ ತೆರೆದು ಮುಚ್ಚಿ, ಎರಡು ಡೋಸ್ ಪಡೆದ ಜನಸಾಮಾನ್ಯರಿಗೆ ಮತ್ತೆ ಸಿಕ್ಕಿದ್ದು 2021ರ ಆಗಸ್ಟ್ 15ಕ್ಕೆ. ಅಷ್ಟರಲ್ಲಿ ಎಷ್ಟೋ ಕೂಲಿಕಾರರು ನಡೆದೇ ಊರು ಸೇರಿದ್ದರು.

ಬ್ಯಾಂಕಿನ ಕೌಂಟರಿನಲ್ಲಿ ನಾನು ಕಲಿತದ್ದಿಷ್ಟೇ: ನಿಯಮಕ್ಕಿಂತ ಮೊದಲು ಕಾರಣ ಹೇಳಿದರೆ ಗಿರಾಕಿ ಕಾಯುತ್ತಾನೆ. ಪರಸ್ಥಳದಲ್ಲಿ ದುಡಿಯುವವರಿಗಂತೂ ಕಾರಣದ ಜೊತೆ ಅನ್ನ, ಆಸರೆಯೂ ಸಿಗದಿದ್ದರೆ ಉಳಿಯೋದು ಊರಿನ ದಾರಿ ಒಂದೇ.